ಸಿಂಚನಾಳ ಗಂಟಲೂ ನನ್ನ ಬಾಯಿಯೂ

ಹಾಡುವವರಿಗೆ ತಮ್ಮ ಗಂಟಲಿನ ಬಗ್ಗೆ ಎಷ್ಟು ಕಾಳಜಿ ಇರುತ್ತದೋ ನನಗೆ ಗೊತ್ತಿಲ್ಲ. ಹಾಡಲು ಬಾರದವರಿಗೆ ಮಾತ್ರ ಇನ್ನೊಬ್ಬರ ಗಂಟಲಿನ ಬಗ್ಗೆ ವಿಪರೀತ ಕಾಳಜಿ. ಈ ಮಾತನ್ನು ನಾನು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಹಾಡಲು ಬಾರದವರ ಪೈಕಿ ನಾನು ಮೊದಲ ಸಾಲಿನವಳು. ನನ್ನ ಮಗಳು ಕೂಸಾಗಿದ್ದಾಗ ನಾನು ಜೋಗುಳ ಶುರುಮಾಡಿದರೆ ಸಾಕು, ಎರಡನೆಯ ಸಾಲಿಗೆಲ್ಲ ಕಣ್ಣು ಮುಚ್ಚಿಬಿಡುತ್ತಿದ್ದಳು. ನನ್ನ ಕಂಠದಲ್ಲಿ ಏನೋ ಇದೆ ಎಂದುಕೊಂಡು ಎರಡು ವರ್ಷ ಒಳಗೊಳಗೇ ಬೀಗಿದೆ. ಮಾತು ಸರಿಯಾಗಿ ಬಂದ ಮೇಲೆ ಒಂದು ಮಧ್ಯಾಹ್ನ ಅವಳೇ ಕಣ್ಣು ಮುಚ್ಚಿಕೊಂಡು, "ಅಮ್ಮ, ನಾನು ನಿದ್ದೆ ಮಾಡ್ತಿದೀನಿ, ಹಾಡ್ಬೇಡ" ಎಂದಳು. ಅಂದಿನಿಂದ ನಮ್ಮ ಬೀದಿಯ ಹೆಂಗಸರು ಹಬ್ಬದ ದಿನ ಆರತಿಯ ಹಾಡು ಎತ್ತಿಕೊಳ್ಳುವಾಗ ಮರೆಯದೆ ನನ್ನ ಕೈಗೆ ತಟ್ಟೆ ಕೊಟ್ಟುಬಿಡುವುದರ ಅರ್ಥವೂ ನನಗೆ ಹೊಳೆಯತೊಡಗಿತು. ಕೈಗೆ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆ ಎಂಬ ಲೆಕ್ಕಾಚಾರ.

ಇಂಥ ನಾನು ನಮ್ಮ ಶಾಲೆಯ ಸಾಂಸ್ಕೃತಿಕ ವಿಭಾಗದ ಉಸ್ತುವಾರಿಯಾದದ್ದು ಹೇಗೆ ಎಂದು ಕೇಳಬಹುದು. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ನರಸೀಪುರ ತಾಲ್ಲೂಕಿಗೆ ಸೇರಿದ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತದ ಟೀಚರು. ಮನೆ ನಂಜನಗೂಡಿನಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಶಾಲೆ ಶುರುವಾದ ವಾರದಲ್ಲಿ ಒಂದು ಮೀಟಿಂಗ್ ನಡೆಯುತ್ತದೆ. ಮುಖ್ಯೋಪಾಧ್ಯಾಯರು, "ಕಲ್ಚರಲ್ ಯಾರು ತಗೋತೀರ?" ಎಂದರು. ಎಲ್ಲರೂ ಅನುಭವಸ್ಥರು, ಆ ಪ್ರಶ್ನೆ ಬಂದ ಕೂಡಲೇ ನೆಲ ನೋಡಿದರು. ಕಟಕಟ ಸದ್ದು ಮಾಡುತ್ತಿದ್ದ ಫ್ಯಾನು ಕಳಚಿ ಬಿದ್ದೀತೇ ಎಂದು ನಾನು ಮೇಲೆ ನೋಡುತ್ತಿದ್ದೆ. ತಲೆ ಎತ್ತಿದವಳು ನಾನೊಬ್ಬಳೇ ಆದ್ದರಿಂದ ಕೆಲಸ ನನ್ನದಾಯಿತು. ಸಂಗೀತಕ್ಕೂ ಗಣಿತಕ್ಕೂ ಹತ್ತಿರದ ಸಂಬಂಧವಿದೆ ಎಂದು ಅವರು ಸಮಾಧಾನವನ್ನೂ ಹೇಳಿದರು. ಅವರು ಸಮಾಜ ವಿಜ್ಞಾನದವರು, ಎರಡರ ಮನೆಗೂ ಹೋದವರಲ್ಲ.

ಉಸ್ತುವಾರಿ ಸಿಕ್ಕ ಮೇಲೆ ಸಿಂಚನಾ ಸಿಕ್ಕಿದಳು. ಒಂಬತ್ತನೇ ತರಗತಿಯ ಹುಡುಗಿ, ಎರಡು ಜಡೆ, ನಾಲೆಯಾಚೆ ಮನೆ. ತಾಯಿ ನಂಜನಗೂಡಿನ ಗಾರ್ಮೆಂಟ್ಸಿಗೆ, ತಂದೆ ಟ್ರ್ಯಾಕ್ಟರ್ ಓಡಿಸಲು ಹೋಗುವುದರಿಂದ ಸಂಜೆಯ ಹೊತ್ತು ಮನೆಯಲ್ಲಿ ಅವಳು, ಅವಳ ಅಜ್ಜಿ ದೇವಮ್ಮ ಮತ್ತು ರಾಣಿ ಎಂಬ ಒಂದು ಎಮ್ಮೆ. ಒಂದು ದಿನ ನಾನು ಹತ್ತನೇ ತರಗತಿಯ ಬೋರ್ಡಿನ ಮೇಲೆ ಪ್ರಮೇಯ ಬರೆಯುತ್ತಿದ್ದಾಗ ಪಕ್ಕದ ಕೊಠಡಿಯಿಂದ ಒಂದು ಹಾಡು ಬಂತು. ಅಜ್ಜಿ ಕಲಿಸಿದ ರಾಗಿ ಬೀಸುವ ಹಾಡಂತೆ ಅದು. ಯಾವ ಆತುರವೂ ಇಲ್ಲದೆ, ಕಲ್ಲು ತಿರುಗಿದ ಹಾಗೆ ತಿರುಗಿ ತಿರುಗಿ, ಇದ್ದಕ್ಕಿದ್ದ ಹಾಗೆ ಮೇಲಕ್ಕೆ ಹೋಗಿ ಅಲ್ಲಿ ನಿಂತಿತು. ನನ್ನ ಚಾಕ್‌ಪೀಸೂ ನಿಂತಿತು. ಹಿಂದಿನ ಬೆಂಚಿನವನೊಬ್ಬ, "ಮಿಸ್, ಆದ್ದರಿಂದ ಅಂತ ಬರ್ದು ಬಿಟ್ಬಿಟ್ರಿ" ಎಂದು ನೆನಪಿಸಬೇಕಾಯಿತು.

ನರಸೀಪುರದಲ್ಲಿ ನಡೆದ ತಾಲ್ಲೂಕು ಮಟ್ಟದ ಗಾಯನ ಸ್ಪರ್ಧೆಯಲ್ಲಿ ಸಿಂಚನಾಳಿಗೆ ಮೊದಲ ಬಹುಮಾನ ಬಂತು. ನಮ್ಮ ಶಾಲೆಯಿಂದ ಜಿಲ್ಲಾ ಮಟ್ಟಕ್ಕೆ ಯಾವ ವಿಷಯದಲ್ಲೂ ಯಾರೂ ಹೋಗಿರಲಿಲ್ಲ. ಮುಖ್ಯೋಪಾಧ್ಯಾಯರು ಕಪ್ಪನ್ನು ಮೇಜಿನ ಮೇಲಿಟ್ಟು, ಬಂದವರೆಲ್ಲ ಅದನ್ನು ಸರಿಸಿಯೇ ಸಹಿ ಹಾಕುವಂತೆ ಮಾಡಿದರು. ಜಿಲ್ಲಾ ಮಟ್ಟದ್ದು ಮೂರು ವಾರ ಬಿಟ್ಟು ನಂಜನಗೂಡಿನಲ್ಲೇ, ಶನಿವಾರ ಬೆಳಿಗ್ಗೆ. ನಾನು ಖುಷಿಯಿಂದ ಮರುದಿನವೇ ಒಂದು ಚಿಪ್ಪು ರಸಬಾಳೆ ತಂದು ಹುಡುಗಿಗೆ ಕೊಟ್ಟೆ. ಅದಾದ ಎರಡನೇ ದಿನ ಅಭ್ಯಾಸಕ್ಕೆಂದು ನಿಂತಾಗ, ಮೇಲಿನ ಸ್ವರಕ್ಕೆ ಹೋದ ಅವಳ ದನಿ ಅಲ್ಲಿಗೆ ತಲುಪಲಿಲ್ಲ. ಸೈಕಲ್ ಟ್ಯೂಬಿನಿಂದ ಹೋದ ಹಾಗೆ ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿದಳು, ಮತ್ತೆ ಗಾಳಿ. ನನ್ನ ಮುಖ ನೋಡಿದಳು. ನಾನು ಬಾಳೆಹಣ್ಣಿನ ಸಿಪ್ಪೆಯನ್ನು ನೆನೆಸಿಕೊಂಡೆ.

ಗಂಟಲಿನ ವಿಷಯದಲ್ಲಿ ನಮ್ಮಲ್ಲಿ ವೈದ್ಯರಲ್ಲದವರು ಯಾರೂ ಇಲ್ಲ. ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟದ್ದೇ ತಡ, ಹಿಂದಿ ಮೇಡಂ ಅತಿಮಧುರ ಎಂದರು, ವಿಜ್ಞಾನದವರು ಉಪ್ಪುನೀರು ಎಂದರು, ಡ್ರಿಲ್ ಮಾಸ್ತರು ತಮ್ಮ ತಾತ ವೀಳ್ಯದೆಲೆಯಲ್ಲಿ ಮೆಣಸು ಸುತ್ತಿ ಜಗಿದು ತೊಂಬತ್ತನೇ ವಯಸ್ಸಿನಲ್ಲೂ ಹೊಲದ ಈ ಬದುವಿನಿಂದ ಆ ಬದುವಿಗೆ ಬೈಯುತ್ತಿದ್ದರೆಂದು ಸಾಕ್ಷ್ಯ ನುಡಿದರು. ಬಿಸಿಯೂಟದ ನಿಂಗಮ್ಮ ಶುಂಠಿ, ಮೆಣಸು, ದೊಡ್ಡಪತ್ರೆ ಹಾಕಿ ಒಂದು ಚೊಂಬು ಕಷಾಯ ಕಾಯಿಸಿ ತಂದು, "ಒಂದೇ ಗುಟುಕ್ಗೆ ಕುಡಿಬೇಕು ಮಗ, ಮೂಗ್ ಹಿಡ್ಕೊ" ಎಂದಳು. ನಾನಂತೂ ನಿಷೇಧಗಳ ಪಟ್ಟಿಯನ್ನೇ ಮಾಡಿದೆ. ಮೊಸರು ಬೇಡ, ಐಸ್ ಕ್ಯಾಂಡಿ ಬೇಡ, ಹುಣಸೆಹಣ್ಣು ಬೇಡ, ಎಣ್ಣೆಯಲ್ಲಿ ಕರಿದದ್ದು ಬೇಡ, ಬಾಳೆಹಣ್ಣು ಬೇಡವೇ ಬೇಡ. ನಂಜನಗೂಡಿನ ನೀರು ಕುಡಿದು ರಸಬಾಳೆಯ ಮೇಲೆ ಆಪಾದನೆ ಹೊರಿಸುವುದು ಸಣ್ಣ ಪಾಪವಲ್ಲ, ಆದರೂ ಹೊರಿಸಿದೆ. ಕೊನೆಗೆ, ಮಾತಾಡಲೇಬೇಕಾದರೆ ಪಿಸುಮಾತಿನಲ್ಲಿ ಆಡು ಎಂಬ ನಿಯಮವನ್ನೂ ಮಾಡಿದೆ. ನಾಲ್ಕು ದಿನ ಹುಡುಗಿ ಮೆಣಸು ಜಗಿಯುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, ಪಿಸುಪಿಸು ಎನ್ನುತ್ತ ಓಡಾಡಿದಳು. ಐದನೆಯ ದಿನ ಆ ಪಿಸುಮಾತೂ ಕಟ್ಟಿತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳನ್ನೂ ದೇವಮ್ಮನವರನ್ನೂ ನಂಜನಗೂಡಿಗೆ ಕರೆದುಕೊಂಡು ಬಂದು ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿದೆ. ಅವರು ಸಣ್ಣ ಕನ್ನಡಿಯೊಂದನ್ನು ಬಾಯೊಳಗೆ ಇಟ್ಟು ಬಹಳ ಹೊತ್ತು ನೋಡಿದರು. "ದನಿ ಹುಟ್ಟೋ ಜಾಗ ಊದಿಕೊಂಡಿದೆ. ಎರಡು ಕಡೆನೂ ರಾಗಿ ಕಾಳಷ್ಟು ಗಂಟು ಏಳ್ತಾ ಇದೆ. ಈಗ್ಲೇ ಬಂದ್ರಿ, ಒಳ್ಳೇದಾಯ್ತು. ಹದಿನೈದು ದಿನ ಒಂದು ಮಾತೂ ಬೇಡ. ಆಮೇಲೆ ಮೆಲ್ಲಗೆ ಮಾತಾಡ್ಲಿ. ಎರಡು ತಿಂಗಳು ಸ್ಟೇಜ್ ಹತ್ತೋದು ಬೇಡ."

"ಪಿಸುಮಾತಾಡಬಹುದಲ್ವಾ ಡಾಕ್ಟ್ರೇ?" ಎಂದೆ, ನನ್ನ ನಿಯಮದ ಮೇಲಿನ ಅಭಿಮಾನದಿಂದ.

"ಅದು ಇನ್ನೂ ಕೆಟ್ಟದ್ದು. ಪಿಸುಗುಟ್ಟೋಕೆ ಗಂಟಲು ಹಿಂಡಬೇಕಾಗುತ್ತೆ. ಯಾರು ಹೇಳಿದ್ದು ನಿಮಗೆ?"

ನಾನು ಗೋಡೆಯ ಮೇಲಿದ್ದ ಕಿವಿಯ ಚಿತ್ರ ನೋಡಿದೆ. ಮೆಣಸು ಎಂದದ್ದಕ್ಕೆ, "ಉರೀತಾ ಇರೋ ಜಾಗಕ್ಕೆ ಖಾರ ಹಚ್ತೀರಾ? ನೀರು ಕುಡೀಲಿ, ಸಾಕು" ಎಂದರು. ಬಾಳೆಹಣ್ಣು ಎಂದದ್ದಕ್ಕೆ ನಕ್ಕೇಬಿಟ್ಟರು. ಆಮೇಲೆ ಹುಡುಗಿಯ ಕಡೆ ತಿರುಗಿ, "ಇಷ್ಟೊಂದು ಎಲ್ಲಿ ಕಿರುಚ್ತೀಯಮ್ಮ ನೀನು?" ಎಂದು ಕೇಳಿದರು. ಸಿಂಚನಾ ನನ್ನ ಮುಖ ನೋಡಿದಳು. ಮಾತಾಡಬಾರದಲ್ಲ, ಟೀಚರು ಹೇಳಲಿ ಎಂಬ ಗೌರವ ಇರಬೇಕು ಎಂದುಕೊಂಡು ನಾನೇ ಉತ್ತರಿಸಿದೆ: "ಮನೇಲಿ ಎಮ್ಮೆ ಕರೀತಾಳೆ ಡಾಕ್ಟ್ರೇ, ನಾಲೆ ಏರಿ ಮೇಲೆ ನಿಂತ್ಕೊಂಡು." ದೇವಮ್ಮ ಸೆರಗು ಸರಿಮಾಡಿಕೊಂಡರು.

ರೋಗದ ಮೂಲ ಸಿಕ್ಕಿತೆಂದು, ಶಾಲೆಗೆ ರಜೆಯಿದ್ದ ಸೋಮವಾರ ಸಂಜೆ ನಾನು ಅವರ ಮನೆಗೇ ಹೋದೆ, ಎಮ್ಮೆ ಕರೆಯುವ ಪದ್ಧತಿಗೆ ಪರ್ಯಾಯ ಹುಡುಕಲು. ರಾಣಿ ನಾಲೆಯಲ್ಲಿ ಕತ್ತಿನವರೆಗೆ ಮುಳುಗಿಕೊಂಡು, ರಿಟೈರಾದ ಸಾಹೇಬರಂತೆ ಕೂತಿತ್ತು. ನನ್ನ ಫೋನಿನಲ್ಲಿ ತಾಲ್ಲೂಕು ಸ್ಪರ್ಧೆಯ ದಿನ ರೆಕಾರ್ಡು ಮಾಡಿದ ಸಿಂಚನಾಳ ಹಾಡಿತ್ತು. ಒಡತಿಯ ದನಿ ಕೇಳಿದರೆ ಬಂದೀತೆಂದು ಜೋರಾಗಿ ಹಾಕಿದೆ. ರಾಣಿ ಕಿವಿ ನಿಮಿರಿಸಿತು, ಕತ್ತು ತಿರುಗಿಸಿತು, ಹಾಡು ಪೂರ್ತಿ ಕೇಳಿತು, ಮುಗಿದ ಮೇಲೆ ಇನ್ನೂ ಒಂದಿಷ್ಟು ಆಳಕ್ಕೆ ಇಳಿಯಿತು. ಆಗ ನಾನೇ ಏರಿಯ ಮೇಲೆ ನಿಂತು ಕೂಗಿದೆ. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಗಾಬರಿಯಿಂದ ಎದ್ದು ನಿಂತರು; ಎಮ್ಮೆ ಏಳಲಿಲ್ಲ. ದೇವಮ್ಮ ಒಳಗೆ ಹೋಗಿ ಬೂಸಾ ಕಲಸುವ ಬಕೆಟ್ಟು ತಂದು ಅದರ ಹಿಡಿಯನ್ನು ಎರಡು ಸಲ ಅಲ್ಲಾಡಿಸಿದರು. ರಾಣಿ ಎದ್ದು, ನೀರು ಕೊಡವಿಕೊಂಡು, ನೆಟ್ಟಗೆ ಕೊಟ್ಟಿಗೆಗೆ ನಡೆಯಿತು.

"ಇಷ್ಟು ಸಲೀಸಾಗಿದ್ರೆ ಇಷ್ಟು ದಿನ ಯಾಕೆ ಕೂಗಿಸ್ತಿದ್ರಿ ಅಜ್ಜಿ?" ಎಂದೆ, ಸ್ವಲ್ಪ ಖಾರವಾಗಿಯೇ.

ದೇವಮ್ಮ ಬಕೆಟ್ಟು ಕೆಳಗಿಟ್ಟರು. "ಮೇಡಮ್ಮೋರೆ, ಎಮ್ಮೆಗೆ ದಿನುಕ್ಕೆ ಒಂದ್ ಕೂಗು. ಜಾಸ್ತಿ ಅಂದ್ರೆ ಎಲ್ಡು. ನಾನೂ ಅರುವತ್ ವರ್ಸ ಕೂಗಿವ್ನಿ, ನನ್ ಗಂಟ್ಲಲ್ಲಿ ಏನೂ ಎದ್ದಿಲ್ಲ. ಮೊಗ ಇಸ್ಕೂಲ್ನಿಂದ ಬತ್ತಿದ್ದಂಗೆ ಕೇಳ್ತೀನಿ, ಯಾಕವ್ವ ದನಿ ಒಡ್ದದೆ ಅಂತ. ಏನಿಲ್ಲ ಕಣಜ್ಜಿ ಅಂತದೆ. ಅಲ್ಲಿ ಏನೇನ್ ಕೂಗುಸ್ತೀರಿ ಅಂತ ನೀವೇ ಒಸಿ ನೋಡ್ಬಾರ್ದಾ?"

ಶಾಲೆಯಲ್ಲಿ ಯಾರು ಕೂಗಿಸುತ್ತಾರೆ ಎಂದು ನಾನು ಒಳಗೇ ಸಿಟ್ಟಾದೆ. ಆದರೆ ಹಾಲು ಬಂದ ಹೊತ್ತು, ಗ್ಯಾಸ್ ಹಚ್ಚಿದ ದಿನ, ಯಾರ ಮನೆಯ ಪಾತ್ರೆ ನಮ್ಮಲ್ಲಿ ಉಳಿದಿದೆ ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಚಾಳಿ ನನಗಿದೆ. ಅದರಲ್ಲೇ ಒಂದು ಹಾಳೆ ಮೀಸಲಿಟ್ಟೆ. ಅಜ್ಜಿಯ ಮಾತು ಸುಳ್ಳು ಎಂದು ಸಾಧಿಸುವುದೇ ಉದ್ದೇಶ.

ಮಂಗಳವಾರ ಬೆಳಿಗ್ಗೆ ಪ್ರಾರ್ಥನೆಗೆ ಎಲ್ಲರೂ ಸಾಲಾಗಿ ನಿಂತರು. ಯಾರೂ ಶುರುಮಾಡಲಿಲ್ಲ. ನಾಡಗೀತೆ ಎತ್ತಿಕೊಳ್ಳುವವಳು ಸಿಂಚನಾ. ಬೇರೊಬ್ಬಳನ್ನು ನಿಲ್ಲಿಸಿದರೆ ಮಕ್ಕಳು ಮೂರು ಗುಂಪಾಗಿ ಮೂರು ಶ್ರುತಿಯಲ್ಲಿ ಹೋಗಿ, ಒಂದು ಗುಂಪು ಬೇಗನೆ ಮುಗಿಸಿ ಉಳಿದವರಿಗಾಗಿ ಕಾದು ನಿಂತಿತು. ದಿನದ ಸುದ್ದಿ ಓದುವವಳೂ ಅವಳೇ. ಇವತ್ತು ಓದಿದ ಹುಡುಗನದು ಮೊದಲ ಸಾಲಿಗೂ ಕೇಳಲಿಲ್ಲ. "ಸಾವಧಾನ್, ವಿಶ್ರಾಮ್" ಹೇಳುವವಳೂ ಅವಳೇ ಎಂಬುದು, ಡ್ರಿಲ್ ಮಾಸ್ತರು ತಾವೇ ಕೂಗಿ ಕೆಮ್ಮಿದಾಗ ಗೊತ್ತಾಯಿತು. ನಾನೇ ಕ್ಲಾಸ್ ಟೀಚರಾಗಿರುವ ಒಂಬತ್ತನೇ ತರಗತಿಯಲ್ಲಿ, ಸ್ಟಾಫ್ ರೂಮಿಗೆ ಹೋಗಿ ಬರುವಷ್ಟರಲ್ಲಿ ಸಂತೆಯಾಗಿತ್ತು. ಲೀಡರ್ ಎಲ್ಲಿ ಎಂದು ಗದರಿದರೆ ಸಿಂಚನಾ ಎದ್ದು ನಿಂತು ಬಾಯಿ ತೋರಿಸಿದಳು. "ಗಂಟಲು ದೊಡ್ಡದಿದೆ, ನೀನೇ ಲೀಡರ್ ಆಗು" ಎಂದು ನಾನೇ ನೇಮಿಸಿದ್ದು ಆಗ ನೆನಪಾಯಿತು. ಊಟದ ಹೊತ್ತಿಗೆ ತರಗತಿವಾರು ಕೂಗಿ ಕರೆಯುವ ಕೆಲಸವೂ ಅವಳದಂತೆ. "ಅವ್ಳಿಲ್ದಿದ್ರೆ ಎಂಟ್ನೇ ಕ್ಲಾಸ್ನೋವು ಎಲ್ಡ್ ಸಲ ಬತ್ತವೆ ಮೇಡಂ" ಎಂದು ನಿಂಗಮ್ಮ ಸೌಟು ಹಿಡಿದು ಗೋಳಾಡಿದಳು. ಒಳ್ಳೆಯ ಅಕ್ಷರದ ಮಗುವಿನಿಂದ ಎಲ್ಲರ ಅರ್ಜಿ ಬರೆಸುತ್ತೇವೆ, ಗಟ್ಟಿ ರಟ್ಟೆಯವನಿಂದ ಬೆಂಚು ಹೊರಿಸುತ್ತೇವೆ. ಹಾಗೆಯೇ ದೇವರು ಕೊಟ್ಟ ಕಂಠವೊಂದು ಶಾಲೆಗೆ ಬಂದರೆ ಅದನ್ನು ಗಂಟೆಯ ಜೊತೆ ಗೂಟಕ್ಕೆ ನೇತುಹಾಕುತ್ತೇವೆ. ಪಿಸುಮಾತಿನ ನಾಲ್ಕು ದಿನವೂ ಈ ಕೂಗುಗಳಿಗೆ ಯಾರೂ ರಜೆ ಕೊಟ್ಟಿರಲಿಲ್ಲ. ಹಾಳೆ ಅರ್ಧ ತುಂಬಿತ್ತು. ಆದರೂ ಇವೆಲ್ಲ ಶಾಲೆಯ ತಪ್ಪುಗಳು, ನನ್ನೊಬ್ಬಳದಲ್ಲ ಎಂಬ ಸಮಾಧಾನವಿತ್ತು.

ಸಂಜೆ ಅದೂ ಹೋಯಿತು. ನಮ್ಮ ಶಾಲೆಯ ಹತ್ತಿರ ಸ್ಟಾಪಿಲ್ಲ; ನಾಲ್ಕೂ ಮುಕ್ಕಾಲಿನ ಬಸ್ಸು ಕೂಗಿದರೆ ಮಾತ್ರ ನಿಲ್ಲುತ್ತದೆ. ನಾನು ಎಂದಿನಂತೆ ಟಿಫಿನ್ ಡಬ್ಬಿ ಚೀಲಕ್ಕೆ ಹಾಕಿ, ಕನ್ನಡಕ ಒರೆಸಿ, ನಿಧಾನವಾಗಿ ಗೇಟಿಗೆ ಬರುವಷ್ಟರಲ್ಲಿ ಬಸ್ಸು ನನ್ನ ಮುಂದೆಯೇ ಧೂಳೆಬ್ಬಿಸಿಕೊಂಡು ಹೋಯಿತು. ಅಷ್ಟು ದಿನ ಅದು ನನಗಾಗಿ ಹೇಗೆ ನಿಲ್ಲುತ್ತಿತ್ತು? ದಿನಾ ನಾಲ್ಕೂವರೆಗೆ, "ಸಿಂಚನಾ, ರಸ್ತೆಗೆ ಹೋಗಿ ಬಸ್ಸಿಗೊಂದು ಕೂಗು ಹಾಕಮ್ಮ" ಎನ್ನುತ್ತಿದ್ದವಳು ನಾನು. ತಿರುವಿನಲ್ಲಿ ಬರುವ ಬಸ್ಸಿಗೆ ಕೇಳಬೇಕಾದರೆ ಎಮ್ಮೆಗೆ ಕೂಗಿದಷ್ಟು ಸಾಲದು. ಮುಂದಿನ ಬಸ್ಸು ಬರಲು ಒಂದು ಗಂಟೆ ಇತ್ತು. ರಸ್ತೆಯ ಬದಿಯ ಮೋರಿಯ ಮೇಲೆ ಕೂತು, ಹಾಳೆಯ ಕೊನೆಯಲ್ಲಿ ಅದನ್ನೂ ಬರೆದು, ಪಕ್ಕದಲ್ಲಿ ನನ್ನ ಹೆಸರು ಬರೆದೆ. ಡಾಕ್ಟರ ಎದುರು ಹುಡುಗಿ ನನ್ನ ಮುಖ ನೋಡಿದ್ದು ಗೌರವದಿಂದಲ್ಲ. ಪಾಪ, ಉತ್ತರವನ್ನೇ ನೋಡಿದ್ದಳು. ಮರುದಿನದಿಂದ ನಾನೇ ಬೇಗ ಬಂದು ಬಸ್ಸಿಗೆ ಕೂಗತೊಡಗಿದೆ. ಮೊದಲ ದಿನ ಕಂಡಕ್ಟರು ಟಿಕೆಟ್ ಕೊಡುತ್ತ, "ಆ ಹುಡ್ಗಿ ಕೂಗುದ್ರೆ ನಿಲ್ಸೋಣ ಅನ್ನುಸ್ತಿತ್ತು ಮೇಡಂ. ನೀವ್ ಕೂಗುದ್ರೆ ನಿಲ್ಸ್ದೆ ಇರೋಕೆ ಭಯ ಆಯ್ತದೆ" ಎಂದ.

ಇಷ್ಟಾದರೂ ನಾನೊಂದು ವಿಷಯವನ್ನು ಮುಚ್ಚಿಟ್ಟುಕೊಂಡಿದ್ದೆ. ಸ್ಪರ್ಧೆಯಿಂದ ಅವಳ ಹೆಸರನ್ನು ಹಿಂದಕ್ಕೆ ತೆಗೆದಿರಲಿಲ್ಲ. ಡಾಕ್ಟರು ಹೇಳಿದ ಹದಿನೈದು ದಿನ ಮುಗಿಯುವುದು ಸ್ಪರ್ಧೆಯ ಶನಿವಾರವೇ. ಸಂಜೆ ಮುಗಿಯುವ ಮೌನ ಬೆಳಿಗ್ಗೆ ಹತ್ತಕ್ಕೇ ಮುಗಿದರೆ ಆಕಾಶ ಬೀಳುತ್ತದೆಯೇ ಎಂದು ಗಣಿತದವಳ ಬುದ್ಧಿ ಲೆಕ್ಕ ಹಾಕುತ್ತಿತ್ತು. ಎರಡು ತಿಂಗಳ ಮಾತನ್ನು ನಾನೂ ಮುಖ್ಯೋಪಾಧ್ಯಾಯರೂ ಅರ್ಧ ಮರೆತಿದ್ದೆವು. "ಒಂದೇ ಹಾಡು ಅಲ್ವಾ ಮೇಡಂ, ನಾಲ್ಕು ನಿಮಿಷ. ನಮ್ಮ ಸ್ಕೂಲು ಯಾವತ್ತು ಜಿಲ್ಲೆಗೆ ಹೋಗಿತ್ತು?" ಎಂದು ಅವರು ಕಪ್ಪಿನ ಮೇಲಿನ ಧೂಳು ಒರೆಸಿದರು. ಮೋರಿಯ ಮೇಲೆ ಕೂತು ಎದ್ದು ಬಂದವಳಿಗೆ ಮಾತ್ರ ಆ ನಾಲ್ಕು ನಿಮಿಷ ಬಹಳ ಉದ್ದ ಕಂಡಿತು. ಎರಡನೇ ವಾರದ ಗುರುವಾರ ಸಿಂಚನಾಳನ್ನು ಕರೆದು, ಈ ಸಲ ಬೇಡ ಎಂದೆ. ಅವಳು ನನ್ನ ನೋಟ್‌ಬುಕ್ಕು ಕಿತ್ತುಕೊಂಡು ಬರೆದಳು: "ಹಾಡ್ತೀನಿ ಮಿಸ್. ಒಂದೇ ಹಾಡು. ಆಮೇಲೆ ಎರಡು ತಿಂಗಳಲ್ಲ, ನಾಲ್ಕು ತಿಂಗಳು ಸುಮ್ನಿರ್ತೀನಿ." ಅಕ್ಷರದ ಮೇಲೆ ನೀರು ಬಿತ್ತು. ದನಿಯಿಲ್ಲದೆ ಅಳುವ ಮಗುವನ್ನು ನೋಡುವುದಕ್ಕಿಂತ ಜೋರಾಗಿ ಅಳುವ ಹತ್ತು ಮಕ್ಕಳನ್ನು ನೋಡುವುದು ವಾಸಿ. ನಾನು ಮೆತ್ತಗಾಗಿಬಿಡುತ್ತಿದ್ದೆನೇನೋ, ಕರೆದೊಯ್ಯಲು ಬಂದಿದ್ದ ದೇವಮ್ಮ ಅವಳ ಮೂಗು ಒರೆಸಿ, "ಈ ವರ್ಸದ್ದು ಓಯ್ತು ಅಂದ್ರೆ ಬರೋ ವರ್ಸ ಬತ್ತದೆ ಕಣವ್ವ. ಗಂಟ್ಲು ಓಯ್ತು ಅಂದ್ರೆ ಬತ್ತದಾ? ನಿಂಗೂ ಗೊತ್ತಿಲ್ಲ, ಮೇಡಮ್ಮೋರ್ಗೂ ಗೊತ್ತಿಲ್ಲ" ಎಂದರು. ಆ ಕೊನೆಯ ಮಾತನ್ನು ಬಿಟ್ಟಿದ್ದರೂ ಆಗುತ್ತಿತ್ತು.

ಬೇರೆಯವರು ಹಾಡುವುದನ್ನಾದರೂ ಕೇಳುತ್ತೇನೆ ಎಂದು ಹುಡುಗಿ ಬರೆದು ತೋರಿಸಿದ್ದರಿಂದ ಶನಿವಾರ ಅಜ್ಜಿ ಮೊಮ್ಮಗಳು ನಂಜನಗೂಡಿಗೆ ಬಂದರು. ಹೆಸರು ಹಿಂದಕ್ಕೆ ತೆಗೆಯುವ ಪತ್ರವನ್ನು ನಾನು ಬಾಗಿಲಿನ ಮೇಜಿನಲ್ಲಿ ಕೊಟ್ಟೆ. ಅಲ್ಲಿ ಕೂತಿದ್ದವರು ಅದನ್ನು ತಟ್ಟೆಯಲ್ಲಿದ್ದ ಉಪ್ಪಿಟ್ಟಿಗೆ ಗಾಳಿ ಬೀಸಲು ಬಳಸಿ ಆಮೇಲೆ ಎಲ್ಲೋ ಇಟ್ಟರು. ಮೂರನೇ ಸಾಲಿನಲ್ಲಿ ಕೂತೆವು. ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು, ಮೈಕು ಸತ್ತಿತು. ಹಾಡುವವರು ಹೇಗೋ ಹಾಡುತ್ತಾರೆ. ಆದರೆ ನಿರೂಪಣೆಗೆ ಬಂದಿದ್ದ ಮೇಡಂ ಅವರ ದನಿ ವೇದಿಕೆಯ ಅಂಚನ್ನೂ ದಾಟಲಿಲ್ಲ. ಸಂಘಟಕರು, "ಜನರೇಟರ್ ತರಿಸ್ತೀನಿ, ಅಲ್ಲಿವರೆಗೆ ಜೋರು ಗಂಟಲಿರೋರು ಯಾರಾದ್ರೂ ಬಂದು ಮಕ್ಕಳ ಹೆಸರು ಕೂಗ್ರಪ್ಪ" ಎಂದರು. ನಾಚಿಕೆಯಿಂದ ಹೇಳುತ್ತೇನೆ, ನನ್ನ ಬಲಗೈ ತಾನಾಗಿ ಸಿಂಚನಾಳ ಬೆನ್ನ ಮೇಲಿತ್ತು. ಅವಳೂ ಆಗಲೇ ಅರ್ಧ ಎದ್ದಿದ್ದಳು. ದೇವಮ್ಮ ಅವಳ ಲಂಗ ಹಿಡಿದು ಕೂರಿಸಿ, ನನ್ನ ಕೈಯನ್ನು ನೋಡಿ, "ನೀವೇ ಓಗಿ ಬನ್ನಿ ಮೇಡಮ್ಮೋರೆ" ಎಂದರು.

ಹೋದೆ. ಇಪ್ಪತ್ತಕ್ಕೂ ಹೆಚ್ಚು ಹೆಸರುಗಳಿದ್ದವು. ಒಂದೊಂದಾಗಿ ಕೂಗಿದೆ; ಕೂಗಿದ ಮಗು ಬಂದು ಹಾಡಿ ಹೋಗುತ್ತಿತ್ತು. ನಾಲ್ಕೈದು ಹೆಸರಾದ ಮೇಲೆ ಹಾಜರಿ ಕರೆಯುವ ಲಯ ಬಂತು. ಹಾಜರಿ ಕರೆಯುವಾಗ ಯಾರೂ ಹೆಸರನ್ನು ಓದುವುದಿಲ್ಲ, ಕಣ್ಣು ನೋಡಿದ್ದನ್ನು ಬಾಯಿ ಹೇಳಿಬಿಡುತ್ತದೆ. ಹಾಗಾಗಿ ಹಾಳೆ ತಿರುವಿದ ಕೂಡಲೇ ಕಂಡದ್ದನ್ನು ಕೂಗಿಯೇ ಬಿಟ್ಟೆ: "ಸಿಂಚನಾ ಎಸ್., ಒಂಬತ್ತನೇ ತರಗತಿ."

"ಪ್ರೆಸೆಂಟ್ ಮಿಸ್" ಎಂಬ ಉತ್ತರ ಮೂರನೇ ಸಾಲಿನಿಂದ ಬಂತು.

ಎರಡೇ ಪದ. ಗಾಳಿಯಿಲ್ಲ, ಕರಕರ ಇಲ್ಲ, ಒಡಕಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬಿನ ಹಾಗೆ ಬೆಳಗಿದ್ದ ದನಿ. ಹೇಳಿದ ಮೇಲೆ ಅವಳಿಗೇ ಗಾಬರಿಯಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೈಗಳ ಮೇಲಿನ ಕಣ್ಣು ಮಾತ್ರ ನಗುತ್ತಿತ್ತು. ಅಜ್ಜಿ ಅವಳ ತಲೆ ಸವರುತ್ತಿದ್ದರು. ನನ್ನ ಎದೆಯ ಮೇಲೆ ಎರಡು ವಾರದಿಂದ ಕೂತಿದ್ದ ಕಲ್ಲು ಇಳಿದುಹೋಯಿತು. ಇಂಥ ಗಳಿಗೆಯಲ್ಲಿ ಒಬ್ಬ ಒಳ್ಳೆಯ ಟೀಚರು ಕಣ್ಣೊರೆಸಿಕೊಳ್ಳಬೇಕು, ಅಥವಾ ಕನಿಷ್ಠ ಪಕ್ಷ ನಸುನಗಬೇಕು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ಏಯ್, ಮಾತಾಡ್ಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ!" ಎಂದು ಅದು ಗರ್ಜಿಸಿತು.

ತೀರ್ಪುಗಾರರಲ್ಲಿ ಒಬ್ಬರ ಪೆನ್ನು ಕೆಳಗೆ ಬಿತ್ತು. ಅಲ್ಲಿಯವರೆಗೆ ಗುಸುಗುಸು ಎನ್ನುತ್ತಿದ್ದ ಇಡೀ ಸಭಾಂಗಣ, ತಂದೆತಾಯಿಗಳೂ ಸೇರಿ, ಕೈಕಟ್ಟಿ ಕೂತಿತು. ಹೊರಗೆ ಜನರೇಟರಿಗಾಗಿ ಪರದಾಡುತ್ತಿದ್ದ ಸಂಘಟಕರು ಬಾಗಿಲಲ್ಲಿ ಇಣುಕಿ, ಬೆವರೊರೆಸಿಕೊಳ್ಳುತ್ತ, "ಕರೆಂಟ್ ಬಂತಾ ಮೇಡಂ?" ಎಂದು ಕೇಳಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ.